ಮೊಟ್ಟೆಗೆ ಅರಿಶಿನ ಕುಂಕುಮ

ನಮ್ಮೂರು ಮೂಗೂರು. ತಿರುಮಕೂಡಲು ನರಸೀಪುರದಿಂದ ಚಾಮರಾಜನಗರದ ದಾರಿ ಹಿಡಿದರೆ ಸಿಗುತ್ತದೆ. ತ್ರಿಪುರಸುಂದರಿ ಅಮ್ಮನವರ ಊರು ಎಂದರೆ ಸುತ್ತಿನವರಿಗೆಲ್ಲ ಗೊತ್ತು. ಪುಷ್ಯ ಮಾಸದಲ್ಲಿ ಅಮ್ಮನವರ ಜಾತ್ರೆ. ಜಾತ್ರೆ ಮುಗಿಯುವ ತನಕ ನಮ್ಮ ಮನೆಯಲ್ಲಿ ಮೊಟ್ಟೆ ಬೇಯಿಸುವಂತಿರಲಿಲ್ಲ. ಕೋಳಿಗಳಿಗೆ ಇದನ್ನು ಹೇಳುವವರು ಯಾರು? ಅವು ಇಡುತ್ತಲೇ ಇರುತ್ತಿದ್ದವು. ಅಜ್ಜಿ ಅವನ್ನೆಲ್ಲ ರಾಗಿ ತುಂಬಿದ ಮಡಕೆಯಲ್ಲಿ ಹೂತಿಡುತ್ತಿದ್ದಳು. ಜಾತ್ರೆ ಕಳೆದ ಮೇಲೆ ಒಂದೇ ಸಲ ಬೇಯಿಸಿ, ಸುಲಿದು, ಅರಿಶಿನ ಉಪ್ಪು ಖಾರ ಹಚ್ಚಿ ಬಾಣಲೆಯಲ್ಲಿ ಹೊರಳಾಡಿಸುತ್ತಿದ್ದಳು. ಹಳದಿ ಮೈಯ ಆ ಮೊಟ್ಟೆಗಳೇ ನಮಗೆ ಜಾತ್ರೆಯ ಕೊನೆಯ ದಿನ.

ಜಾತ್ರೆಯಲ್ಲಿ ನನ್ನ ಕಣ್ಣು ಹೋಗುತ್ತಿದ್ದುದು ಎರಡು ರಾಶಿಗಳ ಕಡೆಗೆ. ಒಂದು ಕುಂಕುಮದ ರಾಶಿ, ಇನ್ನೊಂದು ಗುಲಾಬಿ ಬಣ್ಣದ ಬೆಂಡು ಬತ್ತಾಸಿನ ರಾಶಿ. ಬೆಂಡು ಬತ್ತಾಸಿನಲ್ಲಿ ಅಜ್ಜಿ ಬಿಳಿಯದನ್ನೇ ಕೊಡಿಸುತ್ತಿದ್ದಳು. ಗುಲಾಬಿಯದು ಬೇಕೆಂದು ಅತ್ತರೆ, "ಆ ಬಣ್ಣ ಬಟ್ಟೆಗ್ ಹತ್ತುದ್ರೇ ಬುಡಲ್ಲ, ಹೊಟ್ಟೆಗ್ ಹತ್ತುದ್ರೆ ಬುಟ್ಟದಾ ಮಗಾ?" ಎನ್ನುವಳು. ಅಕ್ಷರ ಬಾರದ ಹೆಂಗಸು. ಆದರೆ ಅರಿಶಿನಕ್ಕೆ ಸುಣ್ಣ ತಾಗಿಸಿದರೆ ಕೆಂಪಾಗುತ್ತದೆ, ಹುಳಿ ಹಿಂಡಿದರೆ ಮತ್ತೆ ಹಳದಿಗೆ ತಿರುಗುತ್ತದೆ ಎಂಬುದನ್ನು ಆರತಿ ತಟ್ಟೆಯ ಓಕುಳಿ ನೀರಿನಲ್ಲೇ ನನಗೆ ತೋರಿಸಿಕೊಟ್ಟಿದ್ದಳು. ಅರಿಶಿನ ಕುಂಕುಮವಾಗುವ ಗುಟ್ಟೂ ಅದೇ. ಹಳೆಯ ಕ್ರಮದಲ್ಲಿ ಅರಿಶಿನದ ಕೊಂಬಿಗೆ ನಿಂಬೆರಸ, ಬಿಳಿಗಾರ ಸೇರಿಸಿ ಒಣಗಿಸಿ ಕುಟ್ಟಿದರೆ ಅದೇ ಕುಂಕುಮ.

ಮದುವೆಯಾಗಿ ಮೈಸೂರಿಗೆ ಬಂದಾಗ ಮಿಷನ್ ಆಸ್ಪತ್ರೆಗೆ ಹತ್ತಿರದ ಒಂದು ವಠಾರದಲ್ಲಿ ನಮ್ಮ ಮನೆ. ಮೇರಿ ಹೋಲ್ಡ್ಸ್‌ವರ್ತ್ ಎಂಬಾಕೆಯ ನೆನಪಿಗೆ 1906ರಲ್ಲಿ ತೆರೆದ ಆಸ್ಪತ್ರೆ ಅದು. ಪಕ್ಕದ ಮನೆಯಲ್ಲಿ ನಿವೃತ್ತ ನರ್ಸ್ ಒಬ್ಬರಿದ್ದರು. ಎಲ್ಲರ ಬಾಯಲ್ಲೂ ಅವರು ಸಿಸ್ಟರಮ್ಮ. ಈಸ್ಟರ್ ಹತ್ತಿರ ಬಂತೆಂದರೆ ವಠಾರದವರಿಂದೆಲ್ಲ ಈರುಳ್ಳಿ ಸಿಪ್ಪೆ ಕೇಳಿ ಪಡೆಯುತ್ತಿದ್ದರು. ಅದನ್ನು ಹಾಕಿ ಮೊಟ್ಟೆ ಬೇಯಿಸಿದರೆ ಚಿಪ್ಪಿಗೆ ಹಳೆಯ ತಾಮ್ರದ ಚೊಂಬಿನ ಬಣ್ಣ. ಯುರೋಪಿನ ಹಳ್ಳಿಗಳಲ್ಲಿ ಇದು ಎಷ್ಟೋ ಕಾಲದಿಂದ ನಡೆದು ಬಂದ ಪದ್ಧತಿ. ಇರಾನಿನವರ ನೌರೋಜ್ ಹಬ್ಬದಲ್ಲೂ ಬಣ್ಣದ ಮೊಟ್ಟೆ ಇಡುತ್ತಾರೆ. ಚೀನಾದಲ್ಲಿ ಮಗುವಿಗೆ ತಿಂಗಳು ತುಂಬಿದಾಗ ಕೆಂಪು ಮೊಟ್ಟೆ ಹಂಚುತ್ತಾರೆ. ಒಳಗೆ ಜೀವವಿದೆ ಎಂದು ತೋರಿಸಲು ಹೊರಗೆ ಬಣ್ಣ ಬಳಿಯಬೇಕೆಂದು ಎಲ್ಲ ಕಡೆಯ ಹೆಂಗಸರಿಗೂ ಅನ್ನಿಸಿದೆ.

ಸಿಸ್ಟರಮ್ಮನ ನಿಜವಾದ ಹೆಮ್ಮೆ ಗಾಜಿನ ಜಾಡಿಯ ಉಪ್ಪಿನಮೊಟ್ಟೆ. ಹಾಗೆಂದು ಹೆಸರಿಟ್ಟವಳು ನಾನು. ಅವರದು ಬರೀ "ಪಿಕಲ್ಡ್ ಎಗ್". ಇಂಗ್ಲೆಂಡಿನ ಪಬ್ಬುಗಳಲ್ಲಿ ಗಿರಾಕಿಗಳಿಗಾಗಿ ಜಾಡಿಯಲ್ಲಿ ಇಡುತ್ತಿದ್ದ ತಿಂಡಿ ಇದು. ಜರ್ಮನಿಯಿಂದ ಹೋಗಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ನೆಲೆಸಿದವರು ಇದಕ್ಕೆ ಬೀಟ್‌ರೂಟ್ ಹಾಕಿ ಕೆಂಪು ಮಾಡುತ್ತಾರೆ. ನಮ್ಮ ಸಿಸ್ಟರಮ್ಮ ವಿನಿಗರಿನ ಕ್ರಮವನ್ನು ಆಸ್ಪತ್ರೆಯ ದೊರೆಸಾನಿಯೊಬ್ಬರಿಂದ ಕಲಿತಿದ್ದರಂತೆ. ಬೀಟ್‌ರೂಟು, ಲವಂಗ, ಚಕ್ಕೆ, ಮೆಣಸು ತಾವೇ ಸೇರಿಸಿಕೊಂಡದ್ದು.

ಕೇಳುವವರಿಗೆ ಹೇಳಿಬಿಡುತ್ತೇನೆ. ಹನ್ನೆರಡು ಮೊಟ್ಟೆಗೆ ಒಂದೂವರೆ ಲೋಟ ವಿನಿಗರ್, ಒಂದು ಲೋಟ ಬೀಟ್‌ರೂಟ್ ಬೇಯಿಸಿದ ನೀರು. ವಿನಿಗರ್ ನೀರಿಗಿಂತ ಕಡಿಮೆಯಾಗಬಾರದು. ಉಪ್ಪು, ಚೂರು ಬೆಲ್ಲ, ಮಸಾಲೆ ಹಾಕಿ ಕುದಿಸಿ, ಗಟ್ಟಿಯಾಗಿ ಬೆಂದ, ಸುಲಿದ ಮೊಟ್ಟೆಯ ಮೇಲೆ ಸುರಿಯಬೇಕು. ಆಗ ತಾನೆ ಇಟ್ಟ ಮೊಟ್ಟೆಯ ಸಿಪ್ಪೆ ಬಿಳಿಯನ್ನೂ ಕಿತ್ತುಕೊಂಡು ಬರುತ್ತದೆ. ವಾರ ಕಳೆದದ್ದು ನುಣ್ಣಗೆ ಸುಲಿಯುತ್ತದೆ. ಒಳಗಿನ ಇಂಗಾಲದ ಡೈಆಕ್ಸೈಡ್ ಚಿಪ್ಪಿನ ಸಣ್ಣ ರಂಧ್ರಗಳಿಂದ ಹೊರಗೆ ಹೋಗಿ ಬಿಳಿಯ ಭಾಗ ಕ್ಷಾರಗುಣಕ್ಕೆ ತಿರುಗುವುದರಿಂದ ಹೀಗಾಗುತ್ತದಂತೆ. ಅಜ್ಜಿಯ ರಾಗಿ ಮಡಕೆಯ ಮೊಟ್ಟೆಗಳು ಅಷ್ಟು ಚೆಂದವಾಗಿ ಸುಲಿಯುತ್ತಿದ್ದುದು ಯಾಕೆಂದು ನನಗೆ ತಿಳಿದದ್ದು ಆಗ. ಆಮೇಲೆ ಜಾಡಿ ನೇರವಾಗಿ ಫ್ರಿಜ್ಜಿಗೆ. ಎರಡು ವಾರ ಬಿಟ್ಟು ಕೊಯ್ದರೆ ಹೊರಗೆ ದಾಸವಾಳದ ಬಣ್ಣ, ನಡುವೆ ಬಂಗಾರದ ಕಾಸು.

ನಾನು ಎಡವಿದ್ದು ಈ ಫ್ರಿಜ್ಜಿನ ವಿಷಯದಲ್ಲಿ. 1984ರ ಮಾತು. ನಮ್ಮ ಮನೆಗೆ ಫ್ರಿಜ್ ಬಂದಿರಲಿಲ್ಲ. ಉಪ್ಪಿನಕಾಯಿ ಎಂದರೆ ನನಗೆ ಗೊತ್ತಿದ್ದುದು ಮಾವು, ನೆಲ್ಲಿ, ಹೇರಳೆ. ನೆಲ್ಲಿಕಾಯಿಗೆ ಚುಚ್ಚುವ ಹಾಗೆ ಎಂಟು ಮೊಟ್ಟೆಗೂ ದಬ್ಬಣದಿಂದ ಚುಚ್ಚಿ, ಬೀಟ್‌ರೂಟ್ ವಿನಿಗರಿನಲ್ಲಿ ಮುಳುಗಿಸಿ, ಬಾಯಿಗೆ ಬಟ್ಟೆ ಕಟ್ಟಿ ತಾರಸಿಯ ಬಿಸಿಲಿಗೆ ಇಟ್ಟೆ. ಐದನೆಯ ದಿನ ಸಿಸ್ಟರಮ್ಮ ಬಟ್ಟೆ ಒಣಹಾಕಲು ಮೇಲೆ ಬಂದರು. ಜಾಡಿ ನೋಡಿದವರೇ ಏನೂ ಕೇಳದೆ ಎತ್ತಿಕೊಂಡು ಹೋಗಿ ಬಚ್ಚಲಿಗೆ ಸುರಿದುಬಿಟ್ಟರು. "ಮೊಟ್ಟೆ ಕಾಯಿ ಅಲ್ಲ ಕಣಮ್ಮ!" ಎಂದಷ್ಟೇ ಹೇಳಿದರು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಎಂಟು ಮೊಟ್ಟೆ ಆಗಿನ ನಮ್ಮ ಸಂಸಾರಕ್ಕೆ ಕಡಿಮೆಯದಲ್ಲ. ಅಂದು ಮಧ್ಯಾಹ್ನ ಮಕ್ಕಳಿಗೆ ಒಂದೊಂದು ಕೊಡಬೇಕೆಂದೂ ಇದ್ದೆ. ತಿಂಗಳುಗಟ್ಟಲೆ ಅವರ ಜೊತೆ ಸರಿಯಾಗಿ ಮಾತಾಡಲಿಲ್ಲ. ಅವರೂ ಬಿಡಿಸಿ ಹೇಳಲು ಬರಲಿಲ್ಲ. ಒಂದು ವರ್ಷದೊಳಗೆ ನಮಗೆ ಬೇರೆ ಊರಿಗೆ ವರ್ಗವಾಯಿತು.

ಬಹಳ ವರ್ಷಗಳ ಮೇಲೆ ಒಂದು ಪ್ರಸಂಗ ಓದಿದೆ. 1997ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಒಬ್ಬ ಗಂಡಸು ಮನೆಯಲ್ಲೇ ಮಾಡಿದ ಇದೇ ಉಪ್ಪಿನಮೊಟ್ಟೆ ತಿಂದು ಬಾಟ್ಯುಲಿಸಂ ಎಂಬ ವಿಷಕ್ಕೆ ಸಿಕ್ಕಿ ಆಸ್ಪತ್ರೆ ಸೇರಿದ. ಅದೇ ಬೀಟ್‌ರೂಟು, ಅದೇ ಮೆಣಸಿನಕಾಯಿ, ಅದೇ ವಿನಿಗರು. ಮೊಟ್ಟೆಗಳಿಗೆ ಕಡ್ಡಿಯಿಂದ ಚುಚ್ಚಿದ್ದರು. ಜಾಡಿಯನ್ನು ಫ್ರಿಜ್ಜಿನಲ್ಲಿಡದೆ ಹೊರಗಿಟ್ಟಿದ್ದರು, ಆಗಾಗ ಅದಕ್ಕೆ ಬಿಸಿಲೂ ಬೀಳುತ್ತಿತ್ತು. ಓದುತ್ತ ಓದುತ್ತ ನನ್ನ ಕೈಕಾಲು ತಣ್ಣಗಾಯಿತು. ಮಾವಿನಕಾಯಿ ತಾನೇ ಹುಳಿ. ಉಪ್ಪು, ಬಿಸಿಲು ಅದರ ನೀರನ್ನು ಹೀರುತ್ತವೆ. ಮೊಟ್ಟೆಯ ಹಳದಿಯಲ್ಲಿ ಹುಳಿಯಿಲ್ಲ, ಒಳಗೆ ಗಾಳಿಯೂ ಆಡುವುದಿಲ್ಲ, ವಿನಿಗರ್ ಅಲ್ಲಿಗೆ ಮುಟ್ಟಲು ದಿನಗಳೇ ಬೇಕು. ಚುಚ್ಚಿದರೆ ಹುಳಿ ಒಳಗೆ ಹೋಗುವುದಕ್ಕೆ ಮೊದಲೇ ರೋಗಾಣು ಹೋಗಿ ಕೂರುತ್ತದೆ, ಬಿಸಿಲು ಅದನ್ನು ಬೆಳೆಸುತ್ತದೆ. ನಮ್ಮ ತಾಯಂದಿರು ನಮಗೆ ಕಲಿಸಿದ ಒಳ್ಳೆಯ ಎರಡು ಕೆಲಸಗಳೇ ಇಲ್ಲಿ ಕೆಟ್ಟವು. ಸಿಸ್ಟರಮ್ಮನಿಗೆ ಆ ರೋಗಾಣುವಿನ ಹೆಸರು ಗೊತ್ತಿತ್ತೋ ಇಲ್ಲವೋ, ನಾನು ಕೇಳಲಿಲ್ಲ. ಕ್ಷಮೆ ಕೇಳೋಣವೆಂದು ವಠಾರಕ್ಕೆ ಹೋದಾಗ ಅವರ ಮನೆಯಲ್ಲಿ ಬೇರೆಯವರಿದ್ದರು. ಸಿಸ್ಟರಮ್ಮ ತೀರಿಕೊಂಡು ಎರಡು ವರ್ಷವಾಗಿತ್ತು.

ಅಂದಿನಿಂದ ಈ ಜಾಡಿಯನ್ನು ಅವರ ಕ್ರಮದಲ್ಲೇ ಮಾಡುತ್ತೇನೆ, ಬಣ್ಣ ಮಾತ್ರ ನನ್ನ ಇಷ್ಟ. ಅರಿಶಿನದ್ದು ಅಜ್ಜಿಯ ಹಳದಿ. ವಿನಿಗರಿನ ಹುಳಿ ಇರುವುದರಿಂದ ಅದು ಕೆಂಪಿಗೆ ತಿರುಗುವುದಿಲ್ಲ. ಬ್ಯಾಡಗಿ ಮೆಣಸಿನಕಾಯಿ ಎಣ್ಣೆಗೆ ಬಣ್ಣ ಬಿಡುತ್ತದೆಯೇ ಹೊರತು ನೀರಿಗೆ ಬಿಡುವುದಿಲ್ಲ. ಅದನ್ನು ನಂಬಿ ಒಂದು ಜಾಡಿ ಹಾಳು ಮಾಡಿದ್ದೇನೆ, ಮೊಟ್ಟೆಗೆ ಸೀತಾಳೆ ಸಿಡುಬು ಎದ್ದ ಹಾಗಿತ್ತು! ತಮಾಷೆಯದು ಕೆಂಪು ಕೋಸು. ಅದು ಬೆಂದ ನೀರು ನೇರಳೆ, ವಿನಿಗರ್ ಬಿದ್ದರೆ ಗುಲಾಬಿ. ಹುಳಿಯಿಲ್ಲದೆ ಬರೀ ಆ ನೀರಿನಲ್ಲಿ ಒಂದು ರಾತ್ರಿ ಫ್ರಿಜ್ಜಿನಲ್ಲಿಟ್ಟರೆ ಮೊಟ್ಟೆಯ ಕ್ಷಾರಕ್ಕೆ ನೀಲಿ. ನೀಲಿಯದು ಉಪ್ಪಿನಮೊಟ್ಟೆಯಲ್ಲ, ಮಾರನೆಯ ದಿನವೇ ತಿಂದು ಮುಗಿಸಬೇಕು.

ಇಷ್ಟೆಲ್ಲ ಮನೆಯಲ್ಲೇ ಇರುವಾಗ ಡಬ್ಬಿಯ ಬಣ್ಣ ಹೇಗೆ ಒಳಗೆ ಬಂತು? 1856ರಲ್ಲಿ ಲಂಡನ್ನಿನ ಪರ್ಕಿನ್ ಎಂಬ ಹದಿನೆಂಟರ ಹುಡುಗ ಮಲೇರಿಯಾಕ್ಕೆ ಕ್ವಿನೈನ್ ಮಾಡಲು ಹೊರಟು, ಕಲ್ಲಿದ್ದಲಿನ ಟಾರಿನಿಂದ ಬಂದ ವಸ್ತುವಿನಲ್ಲಿ ನೇರಳೆ ಬಣ್ಣವನ್ನು ಕಂಡ. ಅದು ಬಟ್ಟೆಗೆಂದು ಹುಟ್ಟಿದ್ದು. ಅದರ ಬಂಧು ಬಳಗ ಊಟದ ಎಲೆಗೂ ಇಳಿಯಿತು. ಕೇಸರಿಭಾತಿಗೆ ಚಿಟಿಕೆ ಪುಡಿ ಹಾಕದ ಮದುವೆ ಮನೆ ನಾನು ಕಂಡಿಲ್ಲ, ನಾನೂ ಹಾಕಿದ್ದೇನೆ. ಕಲಬೆರಕೆ ತಡೆಯಲು 1954ರಲ್ಲೇ ಕಾಯಿದೆ ಬಂದಿತ್ತು. ಆದರೂ ಅರಿಶಿನದ ಪುಡಿಗೆ ಮೆಟಾನಿಲ್ ಎಂಬ ಹಳದಿ ಬೆರೆಸುವವರು ಬೆರೆಸುತ್ತಲೇ ಇದ್ದರು. ಕರ್ನಾಟಕ ಸರ್ಕಾರ 2024ರ ಮಾರ್ಚಿನಲ್ಲಿ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನೂ ಬೊಂಬಾಯಿ ಮಿಠಾಯಿಗೆ ರೋಡಮೈನ್-ಬಿ ಹಾಕುವುದನ್ನೂ ನಿಷೇಧಿಸಿತು. ಜೂನಿನಲ್ಲಿ ಕಬಾಬಿನ ಸರದಿ. ರೋಡಮೈನ್ ಬಟ್ಟೆಗೆ ಹಾಕುವ ಗುಲಾಬಿ ಬಣ್ಣ. ಪತ್ರಿಕೆಯಲ್ಲಿ ಆ ಸುದ್ದಿ ಓದಿದ ದಿನ ಅಜ್ಜಿಯ ಮಾತು ನೆನಪಾಗಿ ಒಬ್ಬಳೇ ನಕ್ಕೆ.

ಹೋದ ಸಲ ಮೂಗೂರು ಜಾತ್ರೆಗೆ ಮೊಮ್ಮಗಳನ್ನು ಕರೆದುಕೊಂಡು ಹೋಗಿದ್ದೆ. ಗುಲಾಬಿ ಬತ್ತಾಸು ಬೇಕೆಂದು ಹಠ ಹಿಡಿದಳು. ಮನೆಗೆ ಹೋದ ಮೇಲೆ ಗುಲಾಬಿ ಮೊಟ್ಟೆ ಮಾಡಿಕೊಡುತ್ತೇನೆ ಎಂದೆ. "ನೀಲಿದೂ ಬೇಕು ಅಜ್ಜಿ" ಎಂದಳು. ಬರುವಾಗ ನರಸೀಪುರದಲ್ಲಿ ಬಸ್ಸಿಳಿದು ಕೆಂಪು ಕೋಸು ಹುಡುಕಿದೆವು. ಸಿಗಲಿಲ್ಲ. ಎರಡು ಬೀಟ್‌ರೂಟು ಕೊಂಡು ಮೈಸೂರಿನ ಬಸ್ಸು ಹತ್ತಿದೆವು.