ಗೋಡೆಯಿಲ್ಲದ ಚಾವಡಿ

ಹತ್ತು ಜನ ಕೂಡಿ ಮಾತನಾಡಬೇಕಾದರೆ ಮೊದಲು ಒಂದು ಜಾಗ ಬೇಕು. ನಮ್ಮ ಹಳ್ಳಿಗಳಲ್ಲಿ ಅದಕ್ಕೆ ಅರಳಿಕಟ್ಟೆಯಿತ್ತು, ಗುಡಿಯ ಜಗಲಿಯಿತ್ತು. ಪಟ್ಟಣಗಳಲ್ಲಿ ಹೋಟೆಲಿನ ಮೇಜು, ವಾಚನಾಲಯದ ಮೆಟ್ಟಿಲು, ಉದ್ಯಾನದ ಕಲ್ಲುಬೆಂಚುಗಳಿದ್ದವು. ಜಾಗವೆಂದ ಮೇಲೆ ಸಾಮಾನ್ಯವಾಗಿ ಅದಕ್ಕೊಬ್ಬ ಯಜಮಾನನೂ ಇರುತ್ತಾನೆ. ಹೋಟೆಲಿನವರು ದೀಪ ಆರಿಸಿದರೆ ಎಂಥ ರಸವತ್ತಾದ ಚರ್ಚೆಯಾದರೂ ಬೀದಿಗೆ ಬಂದು ಮುಗಿಯಲೇಬೇಕು. ಇಂದು ನಮ್ಮಲ್ಲಿ ಬಹುಮಂದಿಯ ಹರಟೆ ಅಂಗೈಯೊಳಗಿನ ಫೋನಿಗೆ ಬಂದು ಸೇರಿದೆ. ನೆಂಟರದೊಂದು ಗುಂಪು, ವಠಾರದ್ದೊಂದು, ಹಳೆಯ ಸಹಪಾಠಿಗಳದೊಂದು. ಯಾರೋ ನಮ್ಮನ್ನು ಸೇರಿಸುತ್ತಾರೆ, ಯಾರೋ ತೆಗೆಯುತ್ತಾರೆ. ಆ ಚಾವಡಿಯ ಒಡೆಯರು ಯಾರು ಎಂದು ಮಾತ್ರ ನಾವು ಕೇಳುವುದಿಲ್ಲ. ಆದರೆ ಯಂತ್ರದ ಮೂಲಕ ಗುಂಪುಗೂಡಿ ಮಾತನಾಡುವ ಪದ್ಧತಿಗೆ ಐವತ್ತು ವರ್ಷಗಳಿಗೂ ಮೀರಿದ ಚರಿತ್ರೆಯಿದೆ. ಆ ಚರಿತ್ರೆಯಲ್ಲಿ ಯಾರೊಬ್ಬರ ಸ್ವತ್ತೂ ಅಲ್ಲದ ಚಾವಡಿಯೊಂದಿದೆ. ಅದರ ಹೆಸರು ಇಂಟರ್ನೆಟ್ ರಿಲೇ ಚಾಟ್. ಬಳಸುವವರ ಬಾಯಲ್ಲಿ ಐ.ಆರ್.ಸಿ. ಅದರ ಕಥೆಯನ್ನೂ ಅದರೊಳಗೆ ಕಾಲಿಡುವ ಕ್ರಮವನ್ನೂ ಇಲ್ಲಿ ಹೇಳಬೇಕೆಂದಿದ್ದೇನೆ.

ಹರಟೆಯ ಯಂತ್ರಗಳು ಐ.ಆರ್.ಸಿ.ಗಿಂತ ಹಳೆಯವು. 1973ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ, ಪಾಠ ಹೇಳಿಕೊಡುವುದಕ್ಕೆಂದು ಕಟ್ಟಿದ ಪ್ಲೇಟೋ ಎಂಬ ಗಣಕವ್ಯವಸ್ಥೆಯ ಮೇಲೆ ಡಗ್ ಬ್ರೌನ್ ಮತ್ತು ಡೇವಿಡ್ ವೂಲಿ ಎಂಬ ಇಬ್ಬರು ತರುಣರು ಟಾಕೋಮ್ಯಾಟಿಕ್ ಎಂಬ ಕ್ರಮವಿಧಿಯನ್ನು ಬರೆದರು. ಪರದೆಯನ್ನು ಅಡ್ಡಪಟ್ಟಿಗಳಾಗಿ ಸೀಳಿ ಐದು ಜನರಿಗೆ ಐದು ಪಾಲು ಮಾಡಿದ್ದರು. ಒಬ್ಬರು ಒತ್ತಿದ ಅಕ್ಷರ ಆ ಕ್ಷಣದಲ್ಲೇ ಎಲ್ಲರಿಗೂ ಕಾಣಿಸುತ್ತಿತ್ತು. ತಪ್ಪಿದ್ದು, ಅಳಿಸಿದ್ದು, ತಡವರಿಸಿದ್ದು ಕೂಡ. 1980ರಲ್ಲಿ ಕಂಪ್ಯುಸರ್ವ್ ಎಂಬ ಕಂಪನಿ, ಲಾರಿ ಚಾಲಕರು ಬಳಸುತ್ತಿದ್ದ ಸಿ.ಬಿ. ರೇಡಿಯೋದ ಮಾದರಿಯಲ್ಲಿ ಸಾರ್ವಜನಿಕರಿಗೆ ಹರಟೆಯ ಸೌಲಭ್ಯ ತೆರೆಯಿತು. ಮಾತಿಗೆ ಗಂಟೆಯ ಲೆಕ್ಕದಲ್ಲಿ ಬಾಡಿಗೆ. 1985ರಲ್ಲಿ ಜೆಫ್ ಕೆಲ್ ಎಂಬವರು ವಿಶ್ವವಿದ್ಯಾನಿಲಯಗಳನ್ನು ಜೋಡಿಸಿದ್ದ ಬಿಟ್‌ನೆಟ್ ಜಾಲಕ್ಕಾಗಿ ರಿಲೇ ಎಂಬುದನ್ನು ರಚಿಸಿದರು. ಆಗಿನ ತಂತಿಗಳು ಬಹಳ ಮಂದಗತಿಯವು. ಒಂದೇ ಮಾತನ್ನು ಇಪ್ಪತ್ತು ಜನರಿಗೆ ಇಪ್ಪತ್ತು ಸಲ ಕಳಿಸಿದರೆ ಜಾಲವೇ ಕಟ್ಟಿಕೊಳ್ಳುತ್ತಿತ್ತು. ಅದಕ್ಕಾಗಿ, ಮಾತಿನ ಒಂದೇ ಪ್ರತಿ ಊರಿಂದೂರಿಗೆ ಹೋಗಿ, ಅಲ್ಲಿ ತಲುಪಿದ ಮೇಲೆ ಅಲ್ಲಿಯವರಿಗೆ ಹಂಚಿಕೆಯಾಗುವ ಉಪಾಯವನ್ನು ಅವರು ಹೂಡಿದರು. ಅಂಚೆಯ ಚೀಲ ಊರಿಗೆ ಬಂದ ಮೇಲೆ ಬೀದಿ ಬೀದಿಗೆ ಕಾಗದ ಹಂಚಿದ ಹಾಗೆ.

ಈ ಉಪಾಯವನ್ನು ಮುಂದಕ್ಕೆ ಕೊಂಡೊಯ್ದವರು ಉತ್ತರ ಫಿನ್ಲೆಂಡಿನ ಔಲು ಪಟ್ಟಣದ ಯಾರ್ಕ್ಕೊ ಓಯ್ಕರಿನೆನ್. 1988ರ ಬೇಸಿಗೆಯಲ್ಲಿ ಅವರು ಅಲ್ಲಿಯ ವಿಶ್ವವಿದ್ಯಾನಿಲಯದ ಗಣಕ ವಿಭಾಗದಲ್ಲಿ ಕೆಲಸಕ್ಕಿದ್ದರು. ವಯಸ್ಸು 21. ವಿಭಾಗದ ಯಂತ್ರವನ್ನು ನೋಡಿಕೊಳ್ಳುವುದು ಅವರ ಹೊಣೆ. ಅದು ದಿನವಿಡೀ ಹಿಡಿಯುವ ಕೆಲಸವಲ್ಲವೆಂದು ಅವರೇ ಮುಂದೆ ಬರೆದಿದ್ದಾರೆ. ಬಿಡುವಿನ ವೇಳೆಯಲ್ಲಿ, ಅದೇ ಯಂತ್ರದ ಮೇಲೆ ತಾವು ನಡೆಸುತ್ತಿದ್ದ ಔಲುಬಾಕ್ಸ್ ಎಂಬ ಸಾರ್ವಜನಿಕ ಸೂಚನಾ ಫಲಕವನ್ನು ಸ್ವಲ್ಪ ಸುಧಾರಿಸೋಣವೆಂದು ಆರಂಭಿಸಿದ ಬರವಣಿಗೆ ಆಗಸ್ಟ್ ತಿಂಗಳ ಕೊನೆಗೆ ಐ.ಆರ್.ಸಿ. ಆಗಿ ಹೊರಬಂತು. ಬಳಸುವವರು ಆಗಾಗ ಹತ್ತು ಮಂದಿಯನ್ನು ಮೀರತೊಡಗಿದಾಗ, ದಕ್ಷಿಣದ ಹೆಲ್ಸಿಂಕಿ ಮತ್ತು ಟ್ಯಾಂಪೆರೆಯ ಗೆಳೆಯರಿಗೆ ನೀವೂ ಒಂದೊಂದು ಸರ್ವರ್ ಇಡಿ ಎಂದರು. ಫಿನ್ಲೆಂಡಿನ ಆಚೆ ಇದನ್ನು ಮೊದಲು ಬಳಸಿದವರ ಹೆಸರನ್ನೂ ಅವರು ದಾಖಲಿಸಿದ್ದಾರೆ. ಅದೊಂದು ಭಾರತೀಯ ಹೆಸರು. ಆಮೇಲೆ ಡೆನ್ವರ್ ಮತ್ತು ಆರೆಗನ್ ಸ್ಟೇಟ್ ವಿಶ್ವವಿದ್ಯಾನಿಲಯಗಳು ಸೇರಿದವು. 1989ರ ನಡುವೇಳೆಗೆ ಪ್ರಪಂಚದಲ್ಲಿ ಸುಮಾರು 40 ಸರ್ವರುಗಳಾದವು.

ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಓಯ್ಕರಿನೆನ್ ತಮ್ಮ ಕ್ರಮವಿಧಿಯನ್ನು ಮಾರಲಿಲ್ಲ, ಬೀಗ ಹಾಕಲೂ ಇಲ್ಲ. ಬೇಕಾದವರು ಕೊಂಡೊಯ್ದು ತಮ್ಮ ಯಂತ್ರದಲ್ಲಿ ನಡೆಸಬಹುದಿತ್ತು, ತಿದ್ದಬಹುದಿತ್ತು. 1993ರ ಮೇ ತಿಂಗಳಲ್ಲಿ ಅವರೂ ಡ್ಯಾರನ್ ರೀಡ್ ಎಂಬವರೂ ಸೇರಿ ಇದರ ನಿಯಮಾವಳಿಯನ್ನು ಬರೆದು ಎಲ್ಲರ ಮುಂದಿಟ್ಟರು. ಆ ನಿಯಮಗಳಂತೆ ನಡೆಯುವ ಯಂತ್ರವನ್ನು ಯಾರು ಬೇಕಾದರೂ ಕಟ್ಟಬಹುದು. ಭಾಷೆಗೆ ವ್ಯಾಕರಣವಿದ್ದರೂ ಒಡೆಯರಿಲ್ಲವಷ್ಟೆ. ಇದೂ ಹಾಗೆಯೇ ಆಯಿತು.

ಇನ್ನು ಒಳಗೆ ಹೋಗುವ ಕ್ರಮ. ಸಂಜೆಯ ಹೊತ್ತು ಆಗೊಮ್ಮೆ ಈಗೊಮ್ಮೆ ಅಲ್ಲಿಗೆ ಹೋಗಿಬರುವ ರೂಢಿ ನನಗಿರುವುದರಿಂದ ಹೊಸಬರಿಗೆ ನಾಲ್ಕು ಮಾತು ಹೇಳಬಲ್ಲೆ. ಮೊದಲು ಬೇಕಾದದ್ದು ಕ್ಲಯಂಟ್ ಎನ್ನುವ ಸಾಧನ. 1995ರಲ್ಲಿ ಖಾಲಿದ್ ಮರ್ದಮ್-ಬೇ ಎಂಬವರು ವಿಂಡೋಸ್ ಗಣಕಗಳಿಗಾಗಿ ರಚಿಸಿದ ಎಂ.ಐ.ಆರ್.ಸಿ. ಬಹಳ ಹೆಸರುವಾಸಿಯಾದದ್ದು, ಈಗ ಬ್ರೌಸರಿನಲ್ಲಿಯೇ ತೆರೆದುಕೊಳ್ಳುವ ಬಾಗಿಲುಗಳೂ ಇವೆ. ಎರಡನೆಯದು ಒಂದು ಅಡ್ಡಹೆಸರು. 1993ರ ನಿಯಮದಂತೆ ಅದು ಒಂಬತ್ತು ಅಕ್ಷರಗಳನ್ನು ಮೀರಕೂಡದು. ಈಗ ಅನೇಕ ಜಾಲಗಳು ಇದಕ್ಕಿಂತ ಉದ್ದದ ಹೆಸರನ್ನು ಒಪ್ಪುತ್ತವೆ. ಮೂರನೆಯದು ಸೇರಬೇಕಾದ ಕೊಠಡಿ, ಅಂದರೆ ಚಾನೆಲ್. ಅದರ ಹೆಸರು ಸಾಮಾನ್ಯವಾಗಿ # ಎಂಬ ಗುರುತಿನಿಂದ ಆರಂಭವಾಗುತ್ತದೆ. ಒಂದು ಓರೆಗೆರೆ, ಜಾಯಿನ್ ಎಂಬ ಆಜ್ಞೆ, ಕೊಠಡಿಯ ಹೆಸರು: ಇಷ್ಟನ್ನು ಬೆರಳಚ್ಚಿಸಿದರೆ ನೀವು ಒಳಗೆ. ಆ ಹೆಸರಿನ ಕೊಠಡಿ ಇಲ್ಲದಿದ್ದರೆ ನೀವು ಹೆಜ್ಜೆಯಿಟ್ಟ ಕ್ಷಣವೇ ಅದು ಹುಟ್ಟುತ್ತದೆ. ಮೊದಲು ಬಂದ ನಿಮಗೇ ಕೀಲಿಕೈ. ಕಡೆಯವರು ಎದ್ದು ಹೋದರೆ ಕೊಠಡಿಯೂ ಇಲ್ಲವಾಗುತ್ತದೆ. ಹೆಸರನ್ನೂ ಕೊಠಡಿಯನ್ನೂ ನೋಂದಾಯಿಸಿ ಉಳಿಸಿಕೊಳ್ಳುವ ಏರ್ಪಾಡುಗಳು ಅನಂತರ ಬಂದವು. ಮೂಲ ಕಲ್ಪನೆ ಮಾತ್ರ ಇಷ್ಟೇ.

ಒಳಗೆ ಹೋದೊಡನೆ ಹೊಸಬರಿಗೆ ಮುಜುಗರವಾಗುವುದು ಸಹಜ. ಇಪ್ಪತ್ತು ಮೂವತ್ತು ಹೆಸರುಗಳು ಕಾಣುತ್ತವೆ, ಒಬ್ಬರೂ ಮಾತನಾಡುತ್ತಿರುವುದಿಲ್ಲ. ಅದು ಅನಾದರವಲ್ಲ, ಅನೇಕರು ಕಿಟಕಿ ತೆರೆದಿಟ್ಟು ತಮ್ಮ ಕೆಲಸದಲ್ಲಿರುತ್ತಾರೆ. ಸ್ವಲ್ಪ ಹೊತ್ತು ಕೇಳುತ್ತಿರಬೇಕು. ಪ್ರಶ್ನೆಯಿದ್ದರೆ, ಒಂದು ಪ್ರಶ್ನೆ ಕೇಳಲೇ ಎಂದು ಅಪ್ಪಣೆ ಬೇಡದೆ ಪ್ರಶ್ನೆಯನ್ನೇ ಇಟ್ಟು ಕಾಯುವುದು ಅಲ್ಲಿಯ ಶಿಷ್ಟಾಚಾರ. ಉತ್ತರ ಹತ್ತು ನಿಮಿಷಕ್ಕೆ ಬಂದೀತು, ಎರಡು ಗಂಟೆಗೆ ಬಂದೀತು. ನೀವು ಬರುವ ಮೊದಲು ಏನು ಮಾತಾಯಿತೆಂಬುದನ್ನು ಸರ್ವರ್ ನೆನಪಿಡುವುದಿಲ್ಲ. ತಡವಾಗಿ ಬಂದವರಿಗೆ ಜಗಲಿಯ ಹರಟೆ ಹೇಗೋ ಇದೂ ಹಾಗೆ.

ಅಡ್ಡಹೆಸರಿನಿಂದ ಕನ್ನಡಿಗರಿಗೊಂದು ವಿಚಿತ್ರ ತೊಡಕಿದೆ. ನಮ್ಮ ಮಾತು ಬಾಯಿಂದ ಹೊರಡುವ ಮೊದಲೇ ಎದುರಿನವರ ವಯಸ್ಸು, ಸಲಿಗೆ, ಅಂತಸ್ತುಗಳ ಲೆಕ್ಕ ಹಾಕುತ್ತದೆ. ನೀನು ಎನ್ನಬೇಕೋ ನೀವು ಎನ್ನಬೇಕೋ, ಅಣ್ಣನೋ ಮೇಷ್ಟ್ರೋ. ಒಂಬತ್ತು ಅಕ್ಷರದ ಹೆಸರು ಇದಾವುದನ್ನೂ ಹೇಳದು. ಎದುರಿನವರು ಹೈಸ್ಕೂಲು ಹುಡುಗಿಯೋ ನಿವೃತ್ತ ಎಂಜಿನಿಯರೋ ತಿಳಿಯದು. ಆದ್ದರಿಂದ ಎಲ್ಲರಿಗೂ ಬಹುವಚನ. ಜಾತಿ, ಊರು, ಹುದ್ದೆ ಕೇಳಿದ ಮೇಲೆ ಮಾತಿಗಿಳಿಯುವ ನಮ್ಮ ಅಭ್ಯಾಸಕ್ಕೆ ಇದೊಂದು ಒಳ್ಳೆಯ ಶಿಕ್ಷಣವೆಂದೇ ನನ್ನ ಭಾವನೆ.

ಈ ಚಾವಡಿಯ ಬೆಲೆ ಪ್ರಪಂಚಕ್ಕೆ ತಿಳಿದದ್ದು 1991ರಲ್ಲಿ. ಆ ವರ್ಷದ ಜನವರಿಯಲ್ಲಿ ಗಲ್ಫ್ ಯುದ್ಧ ನಡೆದಾಗ ನಾನಾ ದೇಶಗಳ ಜನ ಇಲ್ಲಿ ಸೇರಿ ಸುದ್ದಿ ಹಂಚಿಕೊಂಡರು. ಆಗಸ್ಟ್ 19ರಂದು ಮಾಸ್ಕೋದಲ್ಲಿ ಗೊರ್ಬಚೇವರನ್ನು ಪದಚ್ಯುತಗೊಳಿಸುವ ಯತ್ನ ನಡೆಯಿತು. ಪತ್ರಿಕೆಗಳಿಗೂ ದೂರದರ್ಶನಕ್ಕೂ ಕಡಿವಾಣ ಬಿತ್ತು. ಆ ಮೂರು ದಿನಗಳಲ್ಲಿ ಗಣಕಜಾಲಗಳ ಮೂಲಕ ಸುದ್ದಿ ಹೊರಕ್ಕೆ ಹರಿಯಿತು, ಐ.ಆರ್.ಸಿ. ಕೊಠಡಿಗಳಲ್ಲಿ ಸಾಲು ಸಾಲಾಗಿ ಮೂಡಿತು. ಆ ಸಂಭಾಷಣೆಗಳ ಪ್ರತಿಗಳನ್ನು ಈಗಲೂ ಓದಬಹುದು. ವದಂತಿ, ಭಯ, ನಡುವೆ ತಮಾಷೆ, ಎಲ್ಲವೂ ಅವುಗಳಲ್ಲಿವೆ. ಬಾಗಿಲು ಮುಚ್ಚಿಸಬೇಕೆಂದವರಿಗೆ ಮುಚ್ಚಿಸಲು ಒಂದೇ ಬಾಗಿಲು ಇರಲಿಲ್ಲ.

ಒಡೆಯರಿಲ್ಲದಲ್ಲಿ ಜಗಳವಿಲ್ಲವೆಂದು ಯಾರೂ ತಿಳಿಯಬಾರದು. ಬರ್ಕ್ಲಿಯ ಏರಿಸ್ ಎಂಬ ಸರ್ವರ್ ಯಾರು ಬೇಕಾದರೂ ಬಂದು ಜೋಡಿಸಿಕೊಳ್ಳಲಿ ಎಂದು ಬಾಗಿಲು ತೆರೆದಿಟ್ಟದ್ದರಿಂದ 1990ರಲ್ಲಿ ಮೊದಲ ಒಡಕಾಯಿತು. ಏರಿಸನ್ನು ಹೊರಗಿಟ್ಟವರ ಜಾಲಕ್ಕೆ ಇ.ಎಫ್.ನೆಟ್ ಎಂದು ಹೆಸರಾಯಿತು. 1992ರಲ್ಲಿ ಅಂಡರ್‌ನೆಟ್ ಬೇರೆಯಾಯಿತು. 1996ರ ಜುಲೈಯಲ್ಲಿ ಯುರೋಪಿನವರು ಬಹುಮಟ್ಟಿಗೆ ಬೇರ್ಪಟ್ಟು ಐ.ಆರ್.ಸಿ.ನೆಟ್ ಕಟ್ಟಿಕೊಂಡರು. ಪುಂಡರ ಕಾಟವೂ ಇತ್ತು. ಎರಡು ಸರ್ವರುಗಳ ನಡುವಿನ ಕೊಂಡಿ ಕಡಿದರೆ ಅರ್ಧ ಸಭೆ ಒಮ್ಮೆಗೇ ಮಾಯವಾಗುತ್ತಿತ್ತು. ಆ ಗೊಂದಲದಲ್ಲಿ ಕೀಲಿಕೈ ಕದಿಯುವುದೇ ಕೆಲವರಿಗೆ ವಿನೋದ. ಚಿತ್ರವಿಲ್ಲ, ಧ್ವನಿಯಿಲ್ಲ, ಹಳೆಯ ಮಾತಿನ ನೆನಪಿಲ್ಲ. ಇಂಥ ಕೊರತೆಗಳಿಂದಲೇ ಜನ ಬಹುಪಾಲು ಕಂಪನಿಗಳ ಹರಟೆಮನೆಗಳಿಗೆ ಹೋದರು. ಅದರಲ್ಲಿ ಅವರನ್ನು ದೂರುವಂಥದ್ದೇನೂ ಇಲ್ಲ.

ಆದರೂ 2021ರ ಮೇ ತಿಂಗಳಲ್ಲಿ ನಡೆದುದನ್ನು ಮರೆಯಲಾಗದು. ಮುಕ್ತ ತಂತ್ರಾಂಶದವರೆಲ್ಲ ಸೇರುತ್ತಿದ್ದ ಫ್ರೀನೋಡ್ ಎಂಬ ದೊಡ್ಡ ಜಾಲದ ಒಡೆತನದ ಬಗ್ಗೆ ವಿವಾದವೆದ್ದಿತು. ಸಂಬಳವಿಲ್ಲದೆ ಅದನ್ನು ನಡೆಸುತ್ತಿದ್ದ ಸ್ವಯಂಸೇವಕರು ಮೇ 19ರಂದು ಒಟ್ಟಾಗಿ ರಾಜೀನಾಮೆಯಿತ್ತು ಲಿಬೆರಾ ಚಾಟ್ ಎಂಬ ಹೊಸ ಜಾಲ ತೆರೆದರು. ಹೊಸ ಮನೆಯ ವಿಳಾಸವನ್ನು ಬಾಗಿಲ ಮೇಲೆ ಬರೆದಿದ್ದ ನೂರಾರು ಕೊಠಡಿಗಳನ್ನು ಹಳೆಯ ಜಾಲದ ಆಡಳಿತ ವಶಪಡಿಸಿಕೊಂಡಿತು. ಫಲವೇನು? ಉಬುಂಟುವಿನವರು, ವಿಕಿಮೀಡಿಯದವರು, ಇನ್ನೂ ಅನೇಕರು ಕೆಲವೇ ದಿನಗಳಲ್ಲಿ ಗುಂಪುಸಮೇತ ಎದ್ದು ಹೋದರು. ಅದೇ ಕ್ಲಯಂಟ್, ಅದೇ ಆಜ್ಞೆ, ಬಹುತೇಕ ಅದೇ ಹೆಸರು, ವಿಳಾಸವೊಂದೇ ಬದಲಾದದ್ದು. ಅಲ್ಲಿ ಯಂತ್ರಗಳಿಗೆ ಒಡೆಯರಿದ್ದರು, ಕೂಟಕ್ಕೆ ಇರಲಿಲ್ಲ. ಇಂದಿನ ನಮ್ಮ ಫೋನಿನ ಗುಂಪುಗಳು ಹೀಗೆ ನಡೆದು ಹೋಗಲಾರವು. ಅಲ್ಲಿ ಮನೆಯೂ ದಾರಿಯೂ ಒಂದೇ ಕಂಪನಿಯದು.

ಕನ್ನಡದ ಮಾತೊಂದು ಉಳಿದಿದೆ. ಐ.ಆರ್.ಸಿ.ಯ ನಿಯಮಾವಳಿಯಲ್ಲಿ [ ಮತ್ತು { ಎಂಬ ಎರಡು ಗುರುತುಗಳನ್ನು ಒಂದೇ ಅಕ್ಷರದ ದೊಡ್ಡ ಮತ್ತು ಸಣ್ಣ ರೂಪಗಳೆಂದು ಎಣಿಸಿದ್ದಾರೆ. ಆ ಕಾಲದ ಫಿನ್ನಿಷ್ ಗಣಕಗಳಲ್ಲಿ ಆ ಜಾಗಗಳಲ್ಲಿ ಅವರ ಭಾಷೆಯ ಚುಕ್ಕೆಯಿರುವ ಅಕ್ಷರಗಳು ಕುಳಿತಿದ್ದವು. ಹೀಗೆ ಒಂದು ಸಣ್ಣ ದೇಶದ ಲಿಪಿಯ ಗುರುತು ಪ್ರಪಂಚದ ಚಾವಡಿಯ ನಿಯಮದಲ್ಲಿ ಉಳಿದುಬಿಟ್ಟಿತು, ಕಟ್ಟಿದವರು ಅವರಾದ್ದರಿಂದ. ನಮಗೆ ಅದು ಒದಗಲಿಲ್ಲ. ಅದೇ ನಿಯಮದಂತೆ ಒಂದು ಸಾಲು ಎಲ್ಲ ಸೇರಿ 512 ಬೈಟುಗಳನ್ನು ಮೀರಕೂಡದು. ಈಗ ಬಳಕೆಯಲ್ಲಿರುವ ಸಂಕೇತಕ್ರಮದಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟು, ಕನ್ನಡದ ಒಂದು ಚಿಹ್ನೆಗೆ ಮೂರು. ‘ಸ್ತ್ರೀ’ ಎಂಬ ಒಂದೇ ಅಕ್ಷರದಲ್ಲಿ ಆರು ಚಿಹ್ನೆಗಳಿವೆ. ಅದಕ್ಕೇ 18 ಬೈಟು ಹೋಯಿತು. ಅವರು 500 ಅಕ್ಷರ ಆಡುವ ಉಸಿರಿನಲ್ಲಿ ನಾವು 170 ಚಿಹ್ನೆಯೊಳಗೆ ಮುಗಿಸಬೇಕು. ಆದರೂ ಕನ್ನಡ ಅಲ್ಲಿ ಓಡುತ್ತದೆ, ತಡೆಯುವವರಿಲ್ಲ.

ಕನ್ನಡ ವಿಕಿಪೀಡಿಯದ ಸಂಪಾದಕರು ತಮ್ಮ ಚರ್ಚೆಯ ಪುಟಕ್ಕೆ ಅರಳಿಕಟ್ಟೆ ಎಂದೇ ಹೆಸರಿಟ್ಟಿದ್ದಾರೆ. ಆ ಹೆಸರಿನಲ್ಲಿ ಒಂದು ವಿವೇಕವಿದೆ. ಅರಳಿಮರವನ್ನು ಯಾರೋ ನೆಟ್ಟಿರುತ್ತಾರೆ, ಕಟ್ಟೆಯನ್ನು ಯಾರೋ ಕಟ್ಟಿಸಿರುತ್ತಾರೆ. ಕುಳಿತುಕೊಳ್ಳುವವರು ಅವರಿಗೆ ಬಾಡಿಗೆ ಕೊಡುವುದಿಲ್ಲ, ಅವರ ಅಪ್ಪಣೆಗೆ ಕಾಯುವುದೂ ಇಲ್ಲ. ಫೋನಿನ ಗುಂಪನ್ನು ಬಿಟ್ಟುಬಿಡಿ ಎಂದು ನಾನು ಹೇಳುತ್ತಿಲ್ಲ. ನನ್ನ ನೆಂಟರೂ ಅಲ್ಲಿಯೇ ಇದ್ದಾರೆ. ಆದರೆ ಊರಿನ ಸಂಘವೋ ಓದುಗರ ಬಳಗವೋ ಹೊಸದಾಗಿ ಗುಂಪು ಕಟ್ಟುವಾಗ, ನಾಳೆ ಈ ಮನೆ ಬಿಡಬೇಕಾಗಿ ಬಂದರೆ ನಾವು ಒಟ್ಟಾಗಿ ಹೊರಡಬಲ್ಲೆವೇ ಎಂಬ ಒಂದು ಪ್ರಶ್ನೆಯನ್ನು ಮೊದಲ ದಿನವೇ ಕೇಳಿಕೊಳ್ಳುವುದು ಒಳ್ಳೆಯದು.