ಹನ್ನೆರಡು ನಿವರ್ತನ ದೀಪಕ್ಕೆ: ಶಾಸನಗಳಲ್ಲಿ ವಿದ್ಯಾರ್ಥಿಯ ಊಟ, ವಸತಿ, ಔಷಧ

ಪ್ರಾಚೀನ ಕರ್ನಾಟಕದ ವಿದ್ಯಾಕೇಂದ್ರಗಳ ಬಗ್ಗೆ ವಾಟ್ಸಾಪಿನಲ್ಲಿ, ಫೇಸ್‌ಬುಕ್ಕಿನಲ್ಲಿ ಓಡಾಡುವ ಬರಹಗಳನ್ನು ನೀವೂ ನೋಡಿರುತ್ತೀರಿ. ಸಾಲೋಟಗಿ ಒಂದು ವಿಶ್ವವಿದ್ಯಾಲಯ, ನಾಗಾವಿ ಇನ್ನೊಂದು ವಿಶ್ವವಿದ್ಯಾಲಯ, ಬಳ್ಳಿಗಾವೆಯಂತೂ ದಕ್ಷಿಣದ ತಕ್ಷಶಿಲೆ. ಹೀಗೆ ಬಿರುದು ಕೊಟ್ಟ ಮೇಲೆ ಶಾಸನವನ್ನು ಮುಂದೆ ಓದುವ ಅಗತ್ಯವೇ ಯಾರಿಗೂ ಕಾಣುವುದಿಲ್ಲ. ನನಗೆ ಮಾತ್ರ ಈ ಶಾಸನಗಳ ಪ್ರಶಸ್ತಿ ಭಾಗಕ್ಕಿಂತ ದಾನದ ವಿವರ ಬರುವ ಸಾಲುಗಳೇ ಹೆಚ್ಚು ರುಚಿ. ಯಾರಿಗೆ ಎಷ್ಟು ಮತ್ತರು, ದೀಪಕ್ಕೆ ಎಷ್ಟು, ಅಡುಗೆಯವರಿಗೆ ಎಷ್ಟು ಅಂತ ಒಣ ಲೆಕ್ಕ ಬರೆದಿರುತ್ತಾರಲ್ಲ, ಆ ಭಾಗ. ಏನು ಕಲಿಸುತ್ತಿದ್ದರು ಅನ್ನುವುದನ್ನು ನಮ್ಮ ವಿದ್ವಾಂಸರು ಸಾಕಷ್ಟು ಬರೆದಿದ್ದಾರೆ. ಕಲಿಯಲು ಬಂದ ಹುಡುಗ ರಾತ್ರಿ ಎಲ್ಲಿ ಮಲಗಿದ, ಏನು ಉಂಡ, ಜ್ವರ ಬಂದರೆ ಯಾರು ನೋಡಿಕೊಂಡರು, ಜಗಳವಾಡಿದರೆ ಏನು ಮಾಡಿದರು ಎಂಬ ಪ್ರಶ್ನೆಗಳಿಗೂ ಕಲ್ಲಿನಲ್ಲಿ, ತಾಮ್ರದಲ್ಲಿ ಉತ್ತರ ಇದೆ.

ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಸಾಲೋಟಗಿಯಿಂದಲೇ ಶುರು ಮಾಡೋಣ. ಶಾಸನದಲ್ಲಿ ಈ ಊರಿನ ಹೆಸರು ಪಾವಿಟ್ಟಗೆ. ಶಕ 867, ಅಂದರೆ ಕ್ರಿ.ಶ. 945. ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಕಾಲ. ಅವನ ಮಂತ್ರಿ ನಾರಾಯಣ ಎಂಬವನು ಇಲ್ಲಿ ಬ್ರಹ್ಮ, ವಿಷ್ಣು, ಮಹೇಶ್ವರರನ್ನು ಪ್ರತಿಷ್ಠಾಪಿಸಿ ಅದಕ್ಕೆ ಹೊಂದಿಕೊಂಡಂತೆ ಒಂದು ಶಾಲೆ ಕಟ್ಟಿಸಿದ. ಕಂಬದ ಮೇಲಿರುವ ಸಂಸ್ಕೃತ ಶಾಸನ, ನಾನಾ ಜನಪದಗಳಿಂದ ವಿದ್ಯಾರ್ಥಿಗಳು ಇಲ್ಲಿಗೆ ಬರುತ್ತಿದ್ದರು ಎನ್ನುತ್ತದೆ. ಹೊರಗಿನಿಂದ ಬಂದವರು ಅಂದಮೇಲೆ ಮೊದಲ ಸಮಸ್ಯೆ ಮನೆ. ಅದಕ್ಕೆ 27 ನಿವೇಶನಗಳು. ಎರಡನೆಯದು ಬೆಳಕು. ಅದಕ್ಕೆ 12 ನಿವರ್ತನ ಭೂಮಿ. ಕಲಿಸುವ ಉಪಾಧ್ಯಾಯರಿಗೆ 50 ನಿವರ್ತನ.

ಈ ಎರಡು ಅಂಕಿಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿ. ನಿವರ್ತನ ಎಂದರೆ ಇಷ್ಟೇ ಎಕರೆ ಅಂತ ಖಡಾಖಂಡಿತ ಹೇಳುವವರ ಮಾತನ್ನು ನಾನು ಅಷ್ಟಾಗಿ ನಂಬುವುದಿಲ್ಲ, ಅಳತೆ ಪ್ರದೇಶದಿಂದ ಪ್ರದೇಶಕ್ಕೆ ಬದಲಾಗುತ್ತಿತ್ತು. ಆದರೆ ಒಂದೇ ಶಾಸನದೊಳಗೆ ಅನುಪಾತ ಸುಳ್ಳಾಗುವುದಿಲ್ಲ. ಉಪಾಧ್ಯಾಯರ ಜೀವನಕ್ಕೆ ಬಿಟ್ಟ ನೆಲದ ಸುಮಾರು ಕಾಲು ಭಾಗದಷ್ಟನ್ನು ಬರೀ ದೀಪಕ್ಕೆ ಬಿಟ್ಟಿದ್ದಾರೆ! ಹಗಲಿನ ಪಾಠವನ್ನು ರಾತ್ರಿ ಮನನ ಮಾಡಬೇಕು, ಅದಕ್ಕೆ ಎಣ್ಣೆ ಬೇಕು, ಎಣ್ಣೆ ಪ್ರತಿ ವರ್ಷ ಬೇಕು. ಒಮ್ಮೆ ಕೊಟ್ಟ ಹೊನ್ನು ಕರಗಿಹೋಗುತ್ತದೆ, ಹೊಲ ಕರಗುವುದಿಲ್ಲ. ಈ ದಾನವನ್ನು ಬರೆಸಿದವನು ಶಾಲೆ ನಡೆಸುವ ಕಷ್ಟ ಗೊತ್ತಿದ್ದವನು ಅಂತ ನನಗೆ ಅನ್ನಿಸುವುದು ಇಂಥ ಕಡೆ.

ಇದರ ಮುಂದಿನ ಭಾಗ ಇನ್ನೂ ಸ್ವಾರಸ್ಯ. ಊರಿನವರೂ ಕೈಜೋಡಿಸಿದ್ದಾರೆ. ಊರಲ್ಲಿ ಮದುವೆಯಾದರೆ ಶಾಲೆಗೆ 5 ಪುಷ್ಪ (ಇಲ್ಲಿ ಪುಷ್ಪ ಅಂದರೆ ಹೂವಲ್ಲ, ಹಣದ ಲೆಕ್ಕ), ಉಪನಯನಕ್ಕೆ ಅದರ ಅರ್ಧ, ಚೌಲಕ್ಕೆ ಇನ್ನೂ ಕಡಿಮೆ. ಯಾರ ಮನೆಯಲ್ಲಾದರೂ ಬ್ರಾಹ್ಮಣರಿಗೆ ಊಟ ಹಾಕಿಸಿದರೆ ಶಾಲೆಯವರನ್ನೂ ಶಕ್ತ್ಯಾನುಸಾರ ಕರೆದು ಉಣಬಡಿಸಬೇಕು. ನಮ್ಮ ಅಜ್ಜಂದಿರ ಕಾಲದವರೆಗೂ ನಡೆದುಬಂದ ವಾರಾನ್ನ ನೆನಪಾಗುತ್ತದೆ ಅಲ್ವಾ? ಸೋಮವಾರ ಇವರ ಮನೆ, ಮಂಗಳವಾರ ಅವರ ಮನೆ ಅಂತ ಉಂಡು ಓದಿದ ತಲೆಮಾರು ಅದು. ವಾರಾನ್ನದಲ್ಲಿ ಮನೆಯವರ ದಯೆಯ ಮೇಲೆ ಹುಡುಗನ ಹೊಟ್ಟೆ ನಿಂತಿತ್ತು, ಎಷ್ಟೋ ಆತ್ಮಕಥೆಗಳಲ್ಲಿ ಆ ಮುಜುಗರದ ಚಿತ್ರ ಇದೆ. ಸಾಲೋಟಗಿಯಲ್ಲಿ ಅದೇ ಊಟ ಕಲ್ಲಿನ ಮೇಲೆ ಬರೆದ ಊರಿನ ಬಾಧ್ಯತೆ. ಹುಡುಗ ಬೇಡಿ ಹೋಗುವುದಲ್ಲ, ಊರು ಕರೆಯಬೇಕಾದದ್ದು. ಈ ವ್ಯತ್ಯಾಸ ಸಣ್ಣದಲ್ಲ.

ಕಲಬುರಗಿ ಜಿಲ್ಲೆಯ ಚಿತ್ತಾಪುರದ ಪಕ್ಕದ ನಾಗಾವಿಯ ವಿಷಯ ಬಹಳ ಜನರಿಗೆ ಗೊತ್ತಿದೆ, ಆದ್ದರಿಂದ ಬೇಗ ಮುಗಿಸುತ್ತೇನೆ. 1058ರ ಶಾಸನ, ತ್ರೈಲೋಕ್ಯಮಲ್ಲ ಸೋಮೇಶ್ವರನ ದಂಡನಾಯಕ ಮಧುಸೂದನ ಸ್ಥಾಪಿಸಿದ ಘಟಿಕಾಸ್ಥಾನ. ವೇದದ ವಿದ್ಯಾರ್ಥಿಗಳು 200, ಶಾಸ್ತ್ರದವರು 52, ಉಪಾಧ್ಯಾಯರು ಮೂರು ಮತ್ತು ಮೂರು, ಒಟ್ಟು ಆರು. ಇವರ ಜತೆಗೆ ಸರಸ್ವತೀ ಭಂಡಾರಿಗರು ಆರು ಮಂದಿ, ಅಂದರೆ ಓಲೆಗರಿ ಭಂಡಾರವನ್ನು ನೋಡಿಕೊಳ್ಳುವವರು. ಕಲಿಸುವವರು ಎಷ್ಟೋ ಪುಸ್ತಕ ಕಾಯುವವರೂ ಅಷ್ಟೇ. 42 ವಿದ್ಯಾರ್ಥಿಗಳಿಗೆ ಒಬ್ಬ ಗ್ರಂಥಪಾಲಕ ಅಂತಾಯಿತು. ಗ್ರಂಥಪಾಲಕರ ಹುದ್ದೆ ವರ್ಷಗಟ್ಟಲೆ ಖಾಲಿ ಬಿದ್ದಿರುವ ನಮ್ಮ ಕಾಲೇಜುಗಳನ್ನು ನೆನೆದು ಒಂದು ನಿಟ್ಟುಸಿರು ಬಿಟ್ಟು ಮುಂದೆ ಹೋಗೋಣ.

ಊಟದ ಲೆಕ್ಕ ತಲೆಗೆ ಇಷ್ಟು ಎಂದು ಸಿಗುವುದು ತಮಿಳುನಾಡಿನಲ್ಲಿ. ಚೋಳರ ಸಭೆಗಳು ಲೆಕ್ಕದಲ್ಲಿ ಬಹಳ ಗಟ್ಟಿ. ವಿಳುಪ್ಪುರಂ ಜಿಲ್ಲೆಯ ಎಣ್ಣಾಯಿರಂನಲ್ಲಿ ಒಂದನೆಯ ರಾಜೇಂದ್ರ ಚೋಳನ ಕಾಲದ ಶಾಸನ ಇದೆ. ಅಲ್ಲಿ 340 ವಿದ್ಯಾರ್ಥಿಗಳು, 14 ಉಪಾಧ್ಯಾಯರು. 340ರಲ್ಲಿ 270 ಮಂದಿ ಕಿರಿಯರು: ಋಗ್ವೇದಕ್ಕೆ 75, ಯಜುರ್ವೇದಕ್ಕೆ 75, ರೂಪಾವತಾರ ಎಂಬ ವ್ಯಾಕರಣ ಗ್ರಂಥಕ್ಕೆ 40, ಉಳಿದವರು ಬೇರೆ ಬೇರೆ ಶಾಖೆಗಳಿಗೆ. ಹಿರಿಯರು 70: ವ್ಯಾಕರಣಕ್ಕೆ 25, ಪ್ರಾಭಾಕರ ಮೀಮಾಂಸೆಗೆ 35, ವೇದಾಂತಕ್ಕೆ 10. ಪ್ರತಿ ವಿಷಯಕ್ಕೂ ಸೀಟು ಎಷ್ಟು ಎಂದು ಮೊದಲೇ ನಿಗದಿ.

ಕಿರಿಯನಿಗೆ ದಿನಕ್ಕೆ 6 ನಾಳಿ ಭತ್ತ. ಹಿರಿಯನಿಗೆ 1 ಕುರುಣಿ 2 ನಾಳಿ, ಅಂದರೆ ಕುರುಣಿಗೆ 8 ನಾಳಿಯಂತೆ 10 ನಾಳಿ. ಕೂಡಿಸಿದರೆ ವಿದ್ಯಾರ್ಥಿಗಳಿಗೇ ದಿನಕ್ಕೆ 2,320 ನಾಳಿ, ಅಂದರೆ 24 ಕಲಂ 2 ಕುರುಣಿ. ಇದು ಭತ್ತ ಎನ್ನುವುದನ್ನು ಮರೆಯಬಾರದು. ಚೋಳ ಶಾಸನಗಳಲ್ಲಿ ಸಾಮಾನ್ಯವಾಗಿ ಕಾಣುವ ಐದು ಭತ್ತಕ್ಕೆ ಎರಡು ಅಕ್ಕಿ ಎಂಬ ದರದಲ್ಲಿ ಕುಟ್ಟಿದರೆ ಕಿರಿಯನ ಪಾಲಿಗೆ ಸುಮಾರು ಎರಡೂವರೆ ನಾಳಿ ಅಕ್ಕಿ ಸಿಗುತ್ತದೆ, ಹಿರಿಯನಿಗೆ ನಾಲ್ಕು. ಅದರಲ್ಲೇ ಒಂದಿಷ್ಟು ಉಪ್ಪು, ಮಜ್ಜಿಗೆ, ತರಕಾರಿ, ಸೌದೆಗೆ ಹೋಗುತ್ತಿತ್ತು ಎಂದು ನನ್ನ ಊಹೆ. ಹಿರಿಯನಿಗೆ ಹೆಚ್ಚು ಯಾಕೆ? ವೇದವನ್ನು ಬಾಯಿಪಾಠ ಮಾಡುವ ಹುಡುಗ ಚಿಕ್ಕವನು, ಮೀಮಾಂಸೆ ಓದುವವನು ಬೆಳೆದ ಗಂಡಸು. ಹಸಿವು ಬೇರೆ, ಹೊಣೆಯೂ ಬೇರೆ. ಇವತ್ತು ಪದವಿ ವಿದ್ಯಾರ್ಥಿಗೆ ಒಂದು ಮೊತ್ತ, ಸಂಶೋಧನಾ ವಿದ್ಯಾರ್ಥಿಗೆ ಇನ್ನೊಂದು ಮೊತ್ತ ಕೊಡುವುದರ ಹಿಂದೆ ಇರುವುದೂ ಇದೇ ವಿವೇಕ.

ಪುದುಚೇರಿಯ ತ್ರಿಭುವನೈಯಲ್ಲಿ 1048ರ ಶಾಸನ ಇನ್ನೊಂದು ಸೌಲಭ್ಯ ಹೇಳುತ್ತದೆ. ಅಲ್ಲಿನ 260 ವಿದ್ಯಾರ್ಥಿಗಳೂ 12 ಉಪಾಧ್ಯಾಯರೂ ಊರಿನ ವಾರಿಯಂ, ಅಂದರೆ ಗ್ರಾಮ ಸಮಿತಿಗಳ ಕೆಲಸ ಮಾಡಬೇಕಾಗಿಲ್ಲ. ಕೆರೆ ವಾರಿಯಂ, ತೋಟ ವಾರಿಯಂ ಅಂತ ಇರುತ್ತಿದ್ದ ಸಮಿತಿಗಳಲ್ಲಿ ಕೂತರೆ ದಿನವೇ ಹೋಗುತ್ತದೆ. ಓದುವವನ ಹೊತ್ತನ್ನು ಬೇರೆ ಯಾರೂ ಕಿತ್ತುಕೊಳ್ಳಬಾರದು ಎಂದು ಸಭೆಯೇ ಒಪ್ಪಿಕೊಂಡದ್ದು ಇದು. ಚುನಾವಣೆ, ಗಣತಿ ಅಂತ ಮೇಷ್ಟ್ರುಗಳನ್ನು ಓಡಾಡಿಸುವುದನ್ನು ನೋಡಿದವರಿಗೆ ಇದರ ಬೆಲೆ ಗೊತ್ತಾಗುತ್ತದೆ.

ಸೌಲಭ್ಯ ಇದ್ದಲ್ಲಿ ಶಿಸ್ತಿನ ನಿಯಮವೂ ಇರಬೇಕಲ್ಲ. ಅದು ಸಿಗುವುದು ಈಗಿನ ಕನ್ಯಾಕುಮಾರಿ ಜಿಲ್ಲೆಯ ಪಾರ್ಥಿವಶೇಖರಪುರದ ಶಾಲೆಗೆ ಸಂಬಂಧಿಸಿದ ತಾಮ್ರಪಟದಲ್ಲಿ. 866ರಲ್ಲಿ ಆಯ್ ಅರಸ ಕರುನಂದಡಕ್ಕನ್ ಸ್ಥಾಪಿಸಿದ ಶಾಲೆ, ಕಾಂದಳೂರು ಶಾಲೆಯ ಮರ್ಯಾದೆಯನ್ನು ಅನುಸರಿಸಿ ನಡೆಯಬೇಕಾದದ್ದು. 95 ಮಂದಿ ಚಟ್ಟರ್, ಅಂದರೆ ಛಾತ್ರರು. ಚರಣಗಳ ಪ್ರಕಾರ 45, 36, 14 ಎಂದು ಹಂಚಿಕೆ. ಸೇರಬೇಕಾದರೆ ವ್ಯಾಕರಣದ ಜತೆಗೆ ಮೂರು ರಾಜ್ಯಗಳ ವ್ಯವಹಾರಕ್ಕೆ ಬೇಕಾದ ತಿಳಿವಳಿಕೆಯೂ ಇರಬೇಕು. ಆಮೇಲೆ ನಿಯಮಗಳು: ಒಬ್ಬರನ್ನೊಬ್ಬರು ಬೈದರೆ ದಂಡ, ಸಭೆಗೆ ಆಯುಧ ತರಬಾರದು, ವಾಸದ ಮಠದಲ್ಲಿ ದಾಸಿಯರನ್ನು ಇಟ್ಟುಕೊಳ್ಳಬಾರದು.

ಯಾವ ಕಾನೂನೂ ಸುಮ್ಮನೆ ಹುಟ್ಟುವುದಿಲ್ಲ. ಆಯುಧ ತರಬಾರದು ಎಂದು ತಾಮ್ರದಲ್ಲಿ ಕೊರೆಸಿದ್ದಾರೆ ಅಂದರೆ ಆಯುಧ ತರುವವರು ಇದ್ದರು ಎಂದೇ ಅರ್ಥ. ಗುರುಕುಲ ಎಂದರೆ ಮರದ ಕೆಳಗೆ ಕಣ್ಮುಚ್ಚಿ ಕೂತ ಶಾಂತ ಬಾಲಕರು ಎಂಬ ಕ್ಯಾಲೆಂಡರ್ ಚಿತ್ರ ನಮ್ಮ ತಲೆಯಲ್ಲಿ ಕೂತಿದೆ. ತಾಮ್ರಪಟದ ಹುಡುಗರು ಬೇರೆ: ಬೈದಾಡುತ್ತಾರೆ, ಕತ್ತಿ ಹಿಡಿದು ಬರುತ್ತಾರೆ, ನಿಯಮ ಮುರಿಯುತ್ತಾರೆ. ಅವರನ್ನು ನಿಭಾಯಿಸಲು ಶಾಪವನ್ನಲ್ಲ, ದಂಡವನ್ನು ಗೊತ್ತು ಮಾಡಿದ್ದಾರೆ.

ಕನ್ನಡಿಗರಿಗೆ ಈ ಮಾತು ಹೊಸದೇನಲ್ಲ. ತಾಳಗುಂದದ ಸ್ತಂಭಶಾಸನದ ಮಯೂರಶರ್ಮ ಕಂಚಿಯ ಘಟಿಕೆಗೆ ಗುರು ವೀರಶರ್ಮನ ಜತೆ ಹೋದದ್ದು ಓದಲಿಕ್ಕೇ. ಅಲ್ಲಿ ಪಲ್ಲವರ ಅಶ್ವಾರೋಹಿಯೊಬ್ಬನ ಜತೆ ಕಲಹವಾಯಿತು, ದರ್ಭೆ ಹಿಡಿದ ಕೈ ಕತ್ತಿ ಹಿಡಿಯಿತು, ಕದಂಬ ರಾಜ್ಯ ಹುಟ್ಟಿತು. ನಾವು ಇದನ್ನು ರಾಜವಂಶದ ಕಥೆಯಾಗಿ ಓದುತ್ತೇವೆ. ವಿದ್ಯಾರ್ಥಿಯ ಕಡೆಯಿಂದ ಓದಿದರೆ, ಪರಸ್ಥಳದಿಂದ ಬಂದ ಒಬ್ಬ ಹುಡುಗನಿಗೆ ಅವಮಾನವಾದಾಗ ದೂರು ಒಯ್ಯಲು ಒಂದು ಬಾಗಿಲೂ ಆ ಶಾಸನದಲ್ಲಿ ಕಾಣುವುದಿಲ್ಲ.

ಇನ್ನು ಕಾಯಿಲೆಯ ವಿಷಯ. ಕಾಂಚೀಪುರಂ ಜಿಲ್ಲೆಯ ತಿರುಮುಕ್ಕೂಡಲ್‌ನಲ್ಲಿ ಪಾಲಾರ್, ವೇಗವತಿ, ಚೆಯ್ಯಾರ್ ನದಿಗಳು ಕೂಡುವ ಜಾಗದ ವೆಂಕಟೇಶ ದೇವಾಲಯದ ಗೋಡೆಯ ಮೇಲೆ ವೀರರಾಜೇಂದ್ರ ಚೋಳನ ದೊಡ್ಡ ಶಾಸನ ಇದೆ. 11ನೇ ಶತಮಾನದ ಉತ್ತರಾರ್ಧದ್ದು. ಸಂಖ್ಯೆಯಲ್ಲಿ ಇದು ಎಣ್ಣಾಯಿರಂಗಿಂತ ಚಿಕ್ಕ ಶಾಲೆ, ಆದರೆ ವಿದ್ಯಾರ್ಥಿಯ ದಿನಚರಿಗೆ ಇಷ್ಟು ಹತ್ತಿರ ಹೋಗುವ ಶಾಸನವನ್ನು ನಾನು ಬೇರೆ ಓದಿಲ್ಲ. ಊಟ ಸರಿ. ಮಲಗಲು ಚಾಪೆ. ರಾತ್ರಿ ದೀಪಕ್ಕೆ ಎಣ್ಣೆ. ಶನಿವಾರ ಶನಿವಾರ ಅಭ್ಯಂಜನಕ್ಕೆ ಎಣ್ಣೆ! ಮನೆಯಲ್ಲಿದ್ದರೆ ತಾಯಿಯೋ ಅಜ್ಜಿಯೋ ಹಿಡಿದು ಕೂರಿಸಿ ತಲೆಗೆ ಎಣ್ಣೆ ತಟ್ಟುತ್ತಿದ್ದಳು. ಮನೆ ಬಿಟ್ಟು ಬಂದವನಿಗೆ ಆ ಎಣ್ಣೆಯೂ ಆಯವ್ಯಯದ ಒಂದು ಬಾಬತ್ತು.

ವೀರಶೋಳನ್ ಎಂಬ ಹೆಸರಿನ ಆತುಲರಶಾಲೆಯೂ ಅಲ್ಲೇ ಇತ್ತು. ಆತುರಶಾಲೆ ಅಂದರೆ ಆಸ್ಪತ್ರೆ. 15 ಹಾಸಿಗೆ. ಅಲ್ಲಿನ ವಿದ್ಯಾರ್ಥಿಗಳಿಗೂ ದೇವಾಲಯದ ಕೆಲಸದವರಿಗೂ ಚಿಕಿತ್ಸೆ. ಒಬ್ಬ ವೈದ್ಯ, ಒಬ್ಬ ಶಸ್ತ್ರಚಿಕಿತ್ಸಕ, ಮೂಲಿಕೆ ಮತ್ತು ಸೌದೆ ತರಲು ಇಬ್ಬರು, ರೋಗಿಗಳ ಶುಶ್ರೂಷೆಗೆ ಇಬ್ಬರು ಹೆಂಗಸರು, ಒಬ್ಬ ಕ್ಷೌರಿಕ. ವರ್ಷಕ್ಕೆ ಬೇಕಾಗುವ ಔಷಧಗಳ ಪಟ್ಟಿಯೂ ಇದೆ: ವಾಸಾಹರೀತಕಿ, ದಶಮೂಲಹರೀತಕಿ, ಬಿಲ್ವಾದಿ ಘೃತ, ಕಲ್ಯಾಣಲವಣ, ಬಗೆಬಗೆಯ ತೈಲಗಳು. ಕಾಯಿಲೆ ಬಂದ ಮೇಲೆ ಹುಡುಕುವುದಲ್ಲ, ದಾಸ್ತಾನು ಇಟ್ಟುಕೊಂಡಿರಬೇಕು.

ನಮ್ಮ ಬಳ್ಳಿಗಾವೆಯ ಕೋಡಿಯಮಠ ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗುತ್ತದೆ. 1162ರ ಶಾಸನ ಮೊದಲು ಅಲ್ಲಿ ಓದಿಸುತ್ತಿದ್ದ ವಿಷಯಗಳನ್ನು ಹೇಳುತ್ತದೆ: ನಾಲ್ಕು ವೇದ, ಕೌಮಾರ, ಪಾಣಿನೀಯ, ಶಾಕಟಾಯನ ವ್ಯಾಕರಣಗಳು, ಷಡ್ದರ್ಶನಗಳು. ಅದೇ ಉಸಿರಿನಲ್ಲಿ ದೀನರು, ಅನಾಥರು, ಕುಂಟರು, ಕುರುಡರು, ಕಿವುಡರಿಗೆ ಅನ್ನ ಸಿಗುವ ಜಾಗ ಇದು ಅನ್ನುತ್ತದೆ. ಕ್ಷಪಣಕರು, ಏಕದಂಡಿ, ತ್ರಿದಂಡಿಗಳು, ಹಂಸ, ಪರಮಹಂಸರಿಗೂ ಊಟ. ರೋಗಿಗಳಿಗೆ ಔಷಧ. ಭಯಗೊಂಡವರಿಗೆ ಅಭಯ. ಕಾಳಾಮುಖ ಶೈವರ ಮಠ ಜೈನ ಕ್ಷಪಣಕನಿಗೂ ಅನ್ನ ಇಡುತ್ತಿತ್ತು ಎಂದು ಬರೆಸಿಕೊಂಡಿದೆ. ಪ್ರಶಸ್ತಿಯ ಉತ್ಪ್ರೇಕ್ಷೆ ಎಂದು ಒಂದಿಷ್ಟು ಕಳೆದರೂ, ಯಾವುದರ ಬಗ್ಗೆ ಹೆಮ್ಮೆಪಡಬೇಕು ಎಂದು ಅವರು ತಿಳಿದಿದ್ದರು ಎನ್ನುವುದು ಉಳಿಯುತ್ತದೆ.

ಹಾಗಂತ ಇವೆಲ್ಲ ಎಲ್ಲರಿಗೂ ತೆರೆದ ಬಾಗಿಲುಗಳಾಗಿದ್ದವು ಎಂದುಕೊಂಡರೆ ಶಾಸನವನ್ನು ಅರ್ಧ ಮಾತ್ರ ಓದಿದಂತೆ. ಕೋಡಿಯಮಠದಲ್ಲೇ ನೋಡಿ, ಅನ್ನ ಮತ್ತು ಔಷಧದ ಪಟ್ಟಿ ಉದ್ದ, ಅದರಲ್ಲಿ ಕುಂಟ, ಕುರುಡ ಎಲ್ಲರೂ ಇದ್ದಾರೆ. ಪಾಠದ ಪಟ್ಟಿಯಲ್ಲಿ ಇರುವುದು ವೇದ, ವ್ಯಾಕರಣ, ದರ್ಶನ. ಎಣ್ಣಾಯಿರಂನ 340 ಸೀಟುಗಳಲ್ಲಿ 230 ವೇದಶಾಖೆಗಳಿಗೂ ಸೂತ್ರಕ್ಕೂ ಮೀಸಲು, ಅಂದಮೇಲೆ ಯಾವ ಮನೆಯ ಹುಡುಗರು ಬರಬಹುದಿತ್ತು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಸಾಲೋಟಗಿಯ ದೀಪದ ಹೊಲವನ್ನು ಉತ್ತವರ ಮಕ್ಕಳು ಆ ದೀಪದ ಕೆಳಗೆ ಕೂತಿರಲಿಕ್ಕಿಲ್ಲ. ಹೆಣ್ಣುಮಕ್ಕಳಂತೂ ಈ ವಿದ್ಯಾರ್ಥಿಗಳ ಲೆಕ್ಕದಲ್ಲಿ ಎಲ್ಲಿಯೂ ಇಲ್ಲ. ಪಾರ್ಥಿವಶೇಖರಪುರದಲ್ಲಿ ಅವರು ಬರುವುದು ನಿಷೇಧದ ಸಾಲಿನಲ್ಲಿ, ತಿರುಮುಕ್ಕೂಡಲ್‌ನಲ್ಲಿ ಕೂಲಿಯ ಸಾಲಿನಲ್ಲಿ.

ಆ ಸಾಲನ್ನು ನಾನು ಹಲವು ಸಲ ತಿರುಗಿ ಓದಿದ್ದೇನೆ. ಆಸ್ಪತ್ರೆಯ ವೈದ್ಯನ ಹೆಸರು ಕೋದಂಡರಾಮ ಅಶ್ವತ್ಥಾಮ ಭಟ್ಟ, ಊರು ಆಲಪ್ಪಾಕ್ಕಂ ಎಂದು ಶಾಸನ ಹೇಳುತ್ತದೆ. ಜ್ವರದಲ್ಲಿ ಮಲಗಿದ ಹುಡುಗರಿಗೆ ಔಷಧ ಕುಡಿಸಿ ಆರೈಕೆ ಮಾಡಿದ ಆ ಇಬ್ಬರು ಹೆಂಗಸರ ಲೆಕ್ಕದಲ್ಲಿ ಇರುವುದು ವರ್ಷಕ್ಕೆ ಇಷ್ಟು ಭತ್ತ ಎಂಬುದು.