ಹಳೆ ಬರಹಕ್ಕೆ ದಾರಿ ಯಾವುದು? ಬ್ಲಾಗ್ ಪುಟ ಬೆಳೆದ ಕಥೆ

ವಾಟ್ಸಾಪ್‌ನಲ್ಲಿ ಬಂದ ಲಿಂಕ್ ಒತ್ತಿ ಒಂದು ಬ್ಲಾಗ್ ಬರಹ ಓದುತ್ತೀರಿ. ಇಷ್ಟವಾಗುತ್ತದೆ. ಇದನ್ನು ಬರೆದವರೇ ಕೆರೆ ಹೂಳಿನ ಬಗ್ಗೆ ಹಿಂದೆ ಏನು ಬರೆದಿದ್ದರು ಎಂದು ಹುಡುಕಿದರೆ ದಾರಿ ಸಿಗುವುದಿಲ್ಲ. ಬರಹ ಅಳಿಸಿಹೋಗಿಲ್ಲ, ಅಲ್ಲೇ ಇದೆ. ಅದರ ಬಾಗಿಲು ಮಾತ್ರ ಕಾಣುತ್ತಿಲ್ಲ. ಹೀಗೇಕೆ ಆಯಿತು ಎಂದು ತಿಳಿಯಲು ಸುಮಾರು ಮೂವತ್ತು ವರ್ಷ ಹಿಂದಕ್ಕೆ ಹೋಗಬೇಕು.

1994ರಲ್ಲಿ ಅಮೆರಿಕದ ಕಾಲೇಜು ವಿದ್ಯಾರ್ಥಿ ಜಸ್ಟಿನ್ ಹಾಲ್ ತನ್ನ ಬದುಕಿನ ಬಗ್ಗೆ ಅಂತರ್ಜಾಲದಲ್ಲಿ ಬರೆಯತೊಡಗಿದರು. ಮೊದಮೊದಲ ಬ್ಲಾಗಿಗರಲ್ಲಿ ಅವರ ಹೆಸರೂ ಬರುತ್ತದೆ. ಮುಂದೆ ಜಿಯೋಸಿಟೀಸ್ ಎಂದು ಹೆಸರಾದ ಸಂಸ್ಥೆ ಶುರುವಾದದ್ದೂ ಅದೇ ವರ್ಷ. ಊರಿನಲ್ಲಿ ಕೇರಿಗಳಿರುವಂತೆ ಅಲ್ಲಿಯೂ ಕೇರಿಗಳಿದ್ದವು. ಮನರಂಜನೆಯ ಪುಟಗಳು ‘ಹಾಲಿವುಡ್’ನಲ್ಲಿ, ಕಂಪ್ಯೂಟರ್ ಪುಟಗಳು ‘ಸಿಲಿಕಾನ್ ವ್ಯಾಲಿ’ಯಲ್ಲಿ.

ಆಗ ಪುಟದ ಬಣ್ಣ, ಚಿತ್ರ, ಲಿಂಕ್ ಎಲ್ಲವೂ ಬರೆಯುವವರ ಇಷ್ಟ. ಆದರೆ ಕೆಲಸವೂ ಅವರದೇ. ಎಚ್‌ಟಿಎಂಎಲ್ ಕೋಡ್ ಕಲಿಯಬೇಕಿತ್ತು. ಹೊಸ ಪುಟ ಸೇರಿಸಿದರೆ ಹಳೆಯ ಪುಟಗಳ ಲಿಂಕ್‌ಗಳನ್ನೂ ಕೈಯಾರೆ ತಿದ್ದಬೇಕಿತ್ತು.

1999ರಲ್ಲಿ ಪೈರಾ ಲ್ಯಾಬ್ಸ್ ಎಂಬ ಪುಟ್ಟ ಕಂಪನಿ ಬ್ಲಾಗರ್ ತಂದಿತು. ಅಚ್ಚು ಸಿದ್ಧವಿತ್ತು. ಬರೆದು ಒಂದು ಬಟನ್ ಒತ್ತಿದರೆ ಪ್ರಕಟ. ಕೋಡ್ ಬಾರದವರಿಗೂ ಬರೆಯುವ ಜಾಗ ಸಿಕ್ಕಿತು. ಅದರ ಜೊತೆಗೇ ಒಂದು ರೂಢಿ ಗಟ್ಟಿಯಾಯಿತು: ಹೊಸದು ಮೇಲೆ, ಹಳೆಯದು ಕೆಳಗೆ. ಸುದ್ದಿಗೆ ಈ ಕ್ರಮ ಸರಿ. ಆದರೆ ಸೋಬಾನೆ ಪದ, ಬಿತ್ತನೆ ಬೀಜ, ಊರಿನ ಇತಿಹಾಸ ನಿನ್ನೆಯದೂ ಅಲ್ಲ, ಇವತ್ತಿನದೂ ಅಲ್ಲ. ತಿಂಗಳ ಪಟ್ಟಿ ಹಿಡಿದು ಅವನ್ನು ಹುಡುಕುವುದು ಹೇಗೆ? ಅದು ಯಾವ ತಿಂಗಳಲ್ಲಿ ಬಂತು ಎಂದು ಓದುಗರಿಗೆ ನೆನಪಿರಬೇಕಲ್ಲ!

2003ರಲ್ಲಿ ಗೂಗಲ್ ಬ್ಲಾಗರ್ ಅನ್ನು ಕೊಂಡಿತು. ಅದೇ ವರ್ಷ ಮ್ಯಾಟ್ ಮುಲ್ಲೆನ್‌ವೆಗ್ ಮತ್ತು ಮೈಕ್ ಲಿಟಲ್ ವರ್ಡ್‌ಪ್ರೆಸ್ ಹೊರತಂದರು. 2005ರಲ್ಲಿ ವರ್ಡ್‌ಪ್ರೆಸ್‌ಗೆ ಥೀಮ್‌ಗಳು ಬಂದವು. ದಿನಾಂಕದ ಸಾಲಿಗೆ ಸೇರದೆ ಪ್ರತ್ಯೇಕವಾಗಿ ನಿಲ್ಲುವ ಪುಟಗಳೂ ಬಂದವು. 2006ರಲ್ಲಿ ಬ್ಲಾಗರ್‌ಗೆ ಲೇಬಲ್ ಬಂತು. ಪುಟದ ಭಾಗಗಳನ್ನು ಎಳೆದು ಬೇಕಾದ ಕಡೆ ಇಡುವ ಸೌಲಭ್ಯವೂ ಬಂತು. ‘ಕೃಷಿ’, ‘ಜಾನಪದ’, ‘ಗ್ರಾಮ ಪಂಚಾಯಿತಿ’ ಎಂದು ಹೆಸರಿಟ್ಟು ಪಕ್ಕದ ಪಟ್ಟಿಯಲ್ಲಿ ತೋರಿಸಬಹುದಾಯಿತು. ತಾರೀಖು ಗೊತ್ತಿಲ್ಲದಿದ್ದರೂ ವಿಷಯ ಹಿಡಿದು ಒಳಗೆ ಹೋಗುವ ದಾರಿ ತೆರೆಯಿತು.

ಅಷ್ಟರಲ್ಲಿ ಪರದೆಯೇ ಚಿಕ್ಕದಾಯಿತು. ಫೋನಿನಲ್ಲಿ ಪಕ್ಕದ ಪಟ್ಟಿಗೆ ಜಾಗವೆಲ್ಲಿ? 2010ರಲ್ಲಿ ಈಥನ್ ಮಾರ್ಕಾಟ್ ಎಂಬ ವಿನ್ಯಾಸಕಾರರು ಪರದೆಯ ಅಗಲಕ್ಕೆ ತಕ್ಕಂತೆ ಪುಟವೇ ಹೊಂದಿಕೊಳ್ಳುವ ವಿಧಾನವನ್ನು ವಿವರಿಸಿದರು. ಮೆನು ಮೂರು ಗೆರೆಗಳ ಗುರುತಿನೊಳಗೆ ಅಡಗಿತು. ಆ ಗುರುತೇನೂ ಹೊಸದಲ್ಲ. 1981ರ ಜೆರಾಕ್ಸ್ ಸ್ಟಾರ್ ಕಂಪ್ಯೂಟರಿಗಾಗಿ ನಾರ್ಮ್ ಕಾಕ್ಸ್ ಬರೆದದ್ದು.

ಬ್ಲಾಗರ್‌ನ ಮೊಬೈಲ್ ಅಚ್ಚಿನಲ್ಲಂತೂ ಲೇಬಲ್ ಪಟ್ಟಿ ತಾನಾಗಿ ಕಾಣುತ್ತಿರಲಿಲ್ಲ. ವರ್ಷಗಟ್ಟಲೆ ಜೋಡಿಸಿಟ್ಟ ವಿಂಗಡಣೆ ಕಂಪ್ಯೂಟರಿನಲ್ಲಿತ್ತು, ಫೋನಿನಲ್ಲಿ ಇಲ್ಲವಾಯಿತು. ನಮ್ಮ ಹಳ್ಳಿಗಳಲ್ಲಿ ಓದುವವರ ಕೈಯಲ್ಲಿ ಇರುವುದೇ ಫೋನು. ಲಿಂಕ್ ಹಿಡಿದು ನೇರ ಒಂದು ಬರಹಕ್ಕೆ ಬರುವ ಅವರು ಮುಖಪುಟವನ್ನೇ ನೋಡದೆ ಹೊರಟುಹೋಗಬಹುದು.

ಆದ್ದರಿಂದ ಬ್ಲಾಗಿಗೆ ಬಣ್ಣ ಬಳಿಯುವ ಮುನ್ನ ದಾರಿ ಮಾಡಬೇಕು. ‘ಪರಿವಿಡಿ’ ಎಂಬ ಒಂದು ಪುಟ ಮಾಡಿ, ವಿಷಯವಾರು ಲಿಂಕ್ ಕೊಡಿ. ಪ್ರತಿ ಬರಹದ ಕೊನೆಯಲ್ಲಿ ಆ ಪುಟದ ಲಿಂಕ್ ಹಾಕಿ. ಆಮೇಲೆ ನಿಮ್ಮ ಬ್ಲಾಗನ್ನು ಫೋನಿನಲ್ಲೇ ತೆರೆದು, ಐದು ವರ್ಷದ ಹಿಂದಿನ ಬರಹ ಸಿಗುತ್ತದೆಯೇ ನೋಡಿ.

ಇನ್ನೊಂದು ಮಾತು. 2009ರ ಅಕ್ಟೋಬರಿನಲ್ಲಿ ಯಾಹೂ ಅಮೆರಿಕದ ಜಿಯೋಸಿಟೀಸ್ ಅನ್ನು ಮುಚ್ಚಿತು. ಆಸಕ್ತರು ಓಡಾಡಿ ನಕಲು ಮಾಡಿಟ್ಟುಕೊಂಡ ಪುಟಗಳು ಉಳಿದವು. ಬೇರೆಯವರ ಜಾಗದಲ್ಲಿ ಕಟ್ಟಿದ ಮನೆ ಎಷ್ಟು ಚೆಂದವಿದ್ದರೂ ಜಾಗ ಅವರದೇ. ನಿಮ್ಮ ಬರಹಗಳ ಒಂದು ಪ್ರತಿ ನಿಮ್ಮ ಬಳಿಯೂ ಇರಲಿ.